ಹರಿಗೋಲಿನೊಳಗಿನ ಕತ್ತಲು

ದೀಪಾವಳಿಯ ಮರುದಿನ ಹೊಳೆಸಂಗಳಗಿಯ ಜನ ತಮ್ಮ ಮೊಬೈಲುಗಳನ್ನು ಆರಿಸಿ ಜೋಳದ ಚೀಲಗಳಲ್ಲಿ ಹುಗಿದಿಡುತ್ತಿದ್ದರು. ಶಿವರಾತ್ರಿಯ ಮರುದಿನ ಹೊರಗೆ ತೆಗೆಯುತ್ತಿದ್ದರು. ನಡುವಿನ ಸುಮಾರು ನಾಲ್ಕು ತಿಂಗಳು ಆ ಊರಿನಲ್ಲಿ ಫೋನಿಲ್ಲ, ರೇಡಿಯೋ ಇಲ್ಲ, ಕಿಡಿ ಹಾರಿಸುವ ಮೋಟಾರೂ ಇಲ್ಲ. ಯಾರಿಗೆ ಏನು ಹೇಳಬೇಕಿದ್ದರೂ ನಡೆದು ಹೋಗಿ ಹೇಳಬೇಕು, ಇಲ್ಲವೇ ಹರಿಗೋಲು ಹತ್ತಬೇಕು. ಹೊರಗಿನ ಸುದ್ದಿಗೆ ಇದ್ದದ್ದು ಒಂದೇ ದಾರಿ: ಕೃಷ್ಣೆಯ ಹಿನ್ನೀರಿನ ನಡುವೆ ತಲೆಯೆತ್ತಿ ನಿಂತ ಗುಡ್ಡದ ಮೇಲಿನ ವೀಕ್ಷಣಾಲಯದ ತಂತಿ ಫೋನು. ಸುದ್ದಿ ಬಂದರೆ ಗುಡ್ಡದ ಕಂಬಕ್ಕೆ ಬಿಳಿ ಬಟ್ಟೆ ಏರುತ್ತಿತ್ತು, ತುರ್ತಿದ್ದರೆ ಕೆಂಪು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರು ಆಗಾಗ ತಲೆಯೆತ್ತಿ ಕಂಬ ನೋಡುವುದು ಉಸಿರಾಟದಷ್ಟೇ ಸಹಜವಾಗಿ ಹೋಗಿತ್ತು.

ಎಂಟು ವರ್ಷದ ಹಿಂದೆ ಈ ಮೌನಕ್ಕೆ ಊರನ್ನು ಒಪ್ಪಿಸಿದವಳು ವೀಕ್ಷಣಾಲಯದ ವಿಜ್ಞಾನಿ ನೀಲಾಂಬಿಕಾ ಪಟ್ಟಣಶೆಟ್ಟಿ. ಪ್ರತಿ ವರ್ಷ ಎಳ್ಳಮಾವಾಸ್ಯೆಯ ಊಟದ ನಂತರ ಊರು ಸೇರಿ, ಮುಂದೆಯೂ ಸುಮ್ಮನಿರಬೇಕೋ ಬೇಡವೋ ಎಂದು ಕೈಯೆತ್ತಿ ತೀರ್ಮಾನಿಸುತ್ತಿತ್ತು. ಈ ವರ್ಷದ ಎಳ್ಳಮಾವಾಸ್ಯೆಗೆ ಇನ್ನು ಆರು ದಿನ ಉಳಿದಿತ್ತು.

ಗುಡ್ಡದ ಕೆಳಗೆ, ಆಳ ನೀರಿನ ಮೇಲೆ ಒಂದು ದೊಡ್ಡ ತೆಪ್ಪ ತೇಲುತ್ತಿತ್ತು. ಅದರ ಮೇಲೆ ಆಕಾಶಕ್ಕೆ ಬಾಯಿ ತೆರೆದ ಅರವತ್ತನಾಲ್ಕು ಲೋಹದ ಕೊಂಬುಗಳು. ನೆಲದ ಮೇಲಿಟ್ಟರೆ ಕೆಳಗಿನ ಕಲ್ಲು, ಮಣ್ಣು, ತೇವ ಒಂದೊಂದೂ ಒಂದೊಂದು ಥರ ಮಾರ್ದನಿ ಕೊಡುತ್ತವೆ; ಆಳದ ನೀರು ಎಲ್ಲ ಕಡೆಯೂ ಒಂದೇ. ಆ ಕೊಂಬುಗಳು ಆಲಿಸುತ್ತಿದ್ದದ್ದು ಬ್ರಹ್ಮಾಂಡದ ಅತಿ ಹಳೆಯ ಬೆಳಕನ್ನು. ಮೊದಲ ಮೂರು ಲಕ್ಷದ ಎಂಬತ್ತು ಸಾವಿರ ವರ್ಷ ಎಲ್ಲವೂ ಒಂದು ಕಾದ ಮಂಜು; ಬೆಳಕಿಗೆ ದಾರಿಯೇ ಇರಲಿಲ್ಲ. ತಣ್ಣಗಾಗುತ್ತ ಬಂದಂತೆ ಎಲೆಕ್ಟ್ರಾನುಗಳು ಪ್ರೋಟಾನುಗಳ ಜೊತೆ ಕೂಡಿ ಮೊದಲ ಪರಮಾಣುಗಳಾದವು, ಮಂಜು ತಿಳಿಯಾಯಿತು, ಬೆಳಕು ಹೊರಟಿತು. ಅದು ಇಂದಿಗೂ ಬರುತ್ತಲೇ ಇದೆ. ಬ್ರಹ್ಮಾಂಡದ ಜೊತೆ ತಾನೂ ಹಿಗ್ಗಿ, ಸೂಕ್ಷ್ಮತರಂಗವಾಗಿ, ಸೊನ್ನೆಗಿಂತ ಇನ್ನೂರ ಎಪ್ಪತ್ತು ಡಿಗ್ರಿ ಕೆಳಗಿನ ಕಾವಾಗಿ.

ಆ ಕಾವನ್ನು ಜಗತ್ತು ಎಂದೋ ಅಳೆದಿದೆ. ನೀಲಾಂಬಿಕಾ ಹುಡುಕುತ್ತಿದ್ದದ್ದು ಅದರ ಮೇಲಿನ ನಿರಿಗೆಗಳನ್ನು. ಒಂದೊಂದು ಎಲೆಕ್ಟ್ರಾನೂ ಪರಮಾಣುವಿನೊಳಗೆ ಇಳಿಯುವಾಗ ಒಂದಿಷ್ಟು ಬೆಳಕು ಬಿಟ್ಟುಕೊಟ್ಟಿತ್ತು; ಅದೆಲ್ಲ ಸೇರಿ ಆ ನುಣುಪಾದ ಕಾವಿನ ಮೇಲೆ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಏರಿಳಿತ ಉಳಿದಿರಬೇಕೆಂದು ಲೆಕ್ಕ ಹೇಳುತ್ತಿತ್ತು. ಆ ಅಲೆ ಸಿಕ್ಕರೆ ಮೊದಲ ಪರಮಾಣುಗಳು ಎಷ್ಟು ನಿಧಾನವಾಗಿ ಹುಟ್ಟಿದವು, ಒಂದು ನಕ್ಷತ್ರವೂ ಇರದ ಕಾಲದಲ್ಲಿ ಹೀಲಿಯಂ ಎಷ್ಟಿತ್ತು ಎಂಬ ದಿನಚರಿಯೇ ಸಿಕ್ಕಂತೆ. ಹತ್ತಿರದ ಒಂದು ಫೋನಿನ ತರಂಗ ಸಾಕು, ಆ ಅಲೆ ಮುಳುಗಿಹೋಗಲು.

ಹೋದ ವರ್ಷ ಅಲೆ ಸಿಕ್ಕಿತ್ತು. ಪ್ರಬಂಧ ಅಚ್ಚಾಗಿತ್ತು. ಊರಿನವರು ಗುಡ್ಡಕ್ಕೆ ಬಂದು ಪರದೆಯ ಮೇಲಿನ ಗೆರೆ ನೋಡಿ ಹೋಗಿದ್ದರು.

ಈ ವರ್ಷದ ಗೆರೆ ಅದಕ್ಕೆ ಹೊಂದುತ್ತಿರಲಿಲ್ಲ.

"ಅಲೆ ಐತಿ ಮೇಡಂ, ಆದ್ರ ಒತ್ತೊತ್ತಾಗಿ ಕುಂತಾವು," ಎಂದ ಫಾರೂಕ್ ನದಾಫ. ಅವನು ವೀಕ್ಷಣಾಲಯದ ಎಂಜಿನಿಯರು, ವಿಜಾಪುರದವನು. ಯಂತ್ರಗಳ ತರಂಗ ಹೊರಬೀಳದಂತೆ ತಾಮ್ರದ ಜಾಲರಿ ಹೊದ್ದ ಕೋಣೆಯಲ್ಲಿ ಇಬ್ಬರೂ ಬೆಳಗಿನಿಂದ ಎರಡು ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡುತ್ತಿದ್ದರು. "ಯಾರೋ ಫೋನ್ ಹಚ್ಯಾರ. ನಾ ಹೇಳ್ತೀನಲ್ಲ."

ನೀಲಾಂಬಿಕೆಗೂ ಹಾಗೇ ಅನ್ನಿಸಿತು. ಹಾಗೆ ಅನ್ನಿಸಬೇಕೆಂದು ಅವಳ ಮನಸ್ಸೇ ಬಯಸಿತ್ತು.

ಅವಳು ಮೊದಲು ಹೋದದ್ದು ದ್ಯಾಮಣ್ಣ ಅಂಬಿಗೇರನ ಮನೆಗೆ. ಎಂಟು ವರ್ಷದಿಂದ ಅವಳನ್ನು ದಡ ಮುಟ್ಟಿಸುತ್ತಿದ್ದವನು ಅವನು. ತೆಪ್ಪದ ಹಗ್ಗ, ಹಲಗೆ, ಲಂಗರು ನೋಡಿಕೊಳ್ಳುತ್ತಿದ್ದವನೂ ಅವನೇ. ಅವನ ಹೆಂಡತಿ ತಂಗೆವ್ವನ ಕೈಯ ರೊಟ್ಟಿ ದಿನಾ ಗುಡ್ಡಕ್ಕೆ ಬರುತ್ತಿತ್ತು. ಅಂಗಳದಲ್ಲಿ ಗಂಡ ಹೆಂಡತಿ ಹೊಸ ಹರಿಗೋಲಿನ ಬಿದಿರು ಹೆಣೆಯುತ್ತಿದ್ದರು.

"ಫೋನೇನ್ರಿ?" ತಂಗೆವ್ವ ಕೈಯ ಬಿದಿರಿನ ಸೀಳನ್ನು ಕೆಳಗಿಟ್ಟಳು. "ನಮ್ಮನ್ನ ಕಳ್ಳರ ಮಾಡಾಕ ಬಂದ್ರೇನ್ರಿ ಅಕ್ಕಾರ? ನನ್ನ ಮಗಳು ಕಸ್ತೂರಿ ಇಳಕಲ್ಲಾಗ ಬಸುರಿ ಅದಾಳ. ಹೆಂಗದಿ ಅಂತ ಒಂದು ಮಾತ ಕೇಳಿಲ್ಲ ನಾ. ನಿಮ್ಮ ತಂತಿ ಫೋನ್ ದಾರಿ ಕಾಯಾಕತ್ತೀನಿ."

"ಸಿಟ್ಟಾಗಬ್ಯಾಡ್ರಿ ತಂಗೆವ್ವ. ಮಿಷನ್‌ನಾಗ ಏನೋ ಫರಕ್ ಬಂದೈತಿ, ಅದಕ್ಕ ಕೇಳಿದೆ."

"ಫರಕ್ ಅಂದ್ರ?" ದ್ಯಾಮಣ್ಣ ತಲೆಯೆತ್ತಿದ. "ಆ ದಿಮ್ಮಿಗಳಿಂದ ಏನಾರ ಆಗಿರಾಕಿಲ್ಲಲ್ರಿ?"

"ಯಾವ ದಿಮ್ಮಿ?"

"ತೆಪ್ಪದ ಕರಿ ಮುಚ್ಚಳ ಇಳಿದು ಯಾವುದರ ಮ್ಯಾಲೆ ಕುಂದರತೈತಲ್ರಿ, ಆ ನಾಕು ದಿಮ್ಮಿ. ಹಳೇವು ಕೊಳತಿದ್ದು. ಮಳಿಗಾಲದಾಗ ಜಾಲಿ ಕಟಿಗಿವು ಮಾಡಿ ಕುಂದ್ರಸೀನಿ. ಅಲೆ ಬಡದು ಮುಚ್ಚಳ ಹಸಿ ಆಕ್ಕಿತ್ತು, ಅದಕ್ಕ ಒಂದು ಗೇಣು ಎತ್ತರ ಮಾಡೇನಿ. ಚಲೋನ ಆತಲ್ಲ?"

ನೀಲಾಂಬಿಕಾ ನಿಂತಲ್ಲೇ ನಿಂತಳು.

ಕರಿ ಮುಚ್ಚಳ ಪರದೇಶದಿಂದ ಬಂದದ್ದು. ತಾಸಿಗೊಮ್ಮೆ ರಾಟೆಯಿಂದ ಇಳಿದು ಅರವತ್ತನಾಲ್ಕು ಕೊಂಬುಗಳ ಬಾಯಿ ಮುಚ್ಚುತ್ತಿತ್ತು. ತೂಗುವ ಮೊದಲು ಖಾಲಿ ತಕ್ಕಡಿ ಎತ್ತಿ ಎತ್ತ ವಾಲುತ್ತದೆಂದು ಪಾಸಂಗ ನೋಡುವಂತೆ, ಏನೂ ಇಲ್ಲದ ಶುದ್ಧ ಕಪ್ಪನ್ನು ತೋರಿಸಿ ಯಂತ್ರದ ಸ್ವಂತ ಓರೆಕೋರೆ ಅಳೆದುಕೊಳ್ಳುವುದು ಅದರ ಕೆಲಸ. ಅದು ನಿಜಕ್ಕೂ ಕಪ್ಪಾಗಿದ್ದರೆ ತನ್ನ ಮೇಲೆ ಬಿದ್ದದ್ದನ್ನೆಲ್ಲ ನುಂಗಬೇಕು. ಚೂರು ಹಿಂದಕ್ಕೆ ಕಳಿಸಿದರೂ, ಕೊಂಬಿಗೂ ಮುಚ್ಚಳಕ್ಕೂ ನಡುವೆ ಆ ಚೂರು ಓಡಾಡಿ ತನ್ನದೇ ಅಲೆ ಎಬ್ಬಿಸುತ್ತದೆ. ಮುಚ್ಚಳ ದೂರ ಸರಿದರೆ ಆ ಅಲೆ ಒತ್ತೊತ್ತಾಗುತ್ತದೆ.

ಆಕಾಶದ ಅಲೆಗೆ ದ್ಯಾಮಣ್ಣನ ದಿಮ್ಮಿಯ ಹಂಗಿಲ್ಲ. ಒಂದು ಗೇಣಿಗೆ ಬದಲಾಗುವ ಅಲೆ ಆಕಾಶದ್ದಲ್ಲ.

ಗುಡ್ಡಕ್ಕೆ ಮರಳಿ ಅವಳು ಅಳತೆ ಹಾಕಿದಳು, ಎರಡು ಸಲ, ಮೂರು ಸಲ. ಹೋದ ವರ್ಷದ ಅಲೆಯ ಅಂತರ ಹಳೆಯ ದಿಮ್ಮಿಯ ಎತ್ತರಕ್ಕೆ ಸರಿ ಹೊಂದಿತು. ಈ ವರ್ಷದ್ದು ಹೊಸ ದಿಮ್ಮಿಯ ಎತ್ತರಕ್ಕೆ. ಫಾರೂಕ್ ತೆಪ್ಪಕ್ಕೆ ಹೋಗಿ ಮುಚ್ಚಳದ ಒಳಮೈ ಒತ್ತಿ ನೋಡಿ ಬಂದ. ನುಣ್ಣಗೆ ಕಾಣುತ್ತಿದ್ದ ಕರಿ ಬಿಲ್ಲೆಗಳು ಒಳಗೊಳಗೇ ಹಿನ್ನೀರಿನ ತೇವ ಕುಡಿದು ಉಬ್ಬಿದ್ದವು.

"ಅಂದ್ರ ನಾವು ಕಂಡಿದ್ದು..." ಎಂದ ಫಾರೂಕ್.

"ನಮ್ಮ ಮುಚ್ಚಳಾನ." ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಪತ್ರಿಕೆಗೆ ಕಾಗದ ಬರೀತೀನಿ ಇವತ್ತ. ಪ್ರಬಂಧ ವಾಪಸ್ ತಗೋತೀವಿ ಅಂತ."

"ಬರೀರಿ. ಆದ್ರ ಊರಾಗ... ಎಳ್ಳಮಾಸಿ ಮುಗೀಲಿ ಮೇಡಂ. ಸುಳ್ಳ ಹೇಳೂದು ಬ್ಯಾಡ, ಸುಮ್ನ ಇದ್ರ ಸಾಕು. ಈಗ ಹೇಳಿದ್ರ ನಾಳೆನ ಚೀಲದಿಂದ ಫೋನ್ ತಗೀತಾರ. ಹೊಸ ಮುಚ್ಚಳ ತರಿಸಿ ಮತ್ತ ಅಳೀಬೇಕಂದ್ರ ನಮಗ ಮೌನ ಎಲ್ಲಿಂದ ಸಿಗಬೇಕು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಅವಳನ್ನು ಕಾಡಿತು. ಪತ್ರಿಕೆಗೆ ಕಾಗದ ಬರೆಯಲು ಅವಳಿಗೆ ಅರ್ಧ ತಾಸು ಸಾಕಾಯಿತು. ತಂಗೆವ್ವನಿಗೆ ಹೇಳುವ ಒಂದು ವಾಕ್ಯ ಎರಡು ದಿನವಾದರೂ ಹೊಳೆಯಲಿಲ್ಲ.

ಮೂರು ವರ್ಷದ ಹಿಂದೆ ತಂಗೆವ್ವನ ತಾಯಿ ಹುನಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ತೀರಿಕೊಂಡಿದ್ದಳು. ಆ ದಿನ ಗುಡ್ಡದ ಫೋನು ರಿಂಗಣಿಸುತ್ತಲೇ ಇತ್ತು. ನೀಲಾಂಬಿಕಾ ಮತ್ತು ಅವಳ ಜೊತೆಗಾರರೆಲ್ಲ ತೆಪ್ಪದ ಮೇಲಿದ್ದರು. ಕೆಂಪು ಬಟ್ಟೆ ಏರಿದ್ದು ಮರುದಿನ. ಅಷ್ಟರಲ್ಲಿ ಮಣ್ಣು ಕೊಡುವುದೂ ಮುಗಿದಿತ್ತು. ಆಮೇಲೆ ತಂಗೆವ್ವ ಜಗಳ ಮಾಡಲಿಲ್ಲ. ಹೋದ ವರ್ಷ ಪರದೆಯ ಮುಂದೆ ನಿಂತು ಒಂದೇ ಮಾತು ಕೇಳಿದ್ದಳು: "ಸಿಕ್ತೇನ್ರಿ ಅಕ್ಕಾರ, ನೀವು ಹುಡಕಿದ್ದು?" ನೀಲಾಂಬಿಕಾ "ಸಿಕ್ತು" ಎಂದಿದ್ದಳು. "ಹಂಗಾರ ಇರಲಿ," ಎಂದು ತಂಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು.

ಎಳ್ಳಮಾವಾಸ್ಯೆಗೆ ಮೂರು ದಿನವಿದ್ದಾಗ ದ್ಯಾಮಣ್ಣ ಹೇಳಿ ಕಳಿಸಿದ: ಹೊಸ ಹರಿಗೋಲು ತಯಾರಾಗಿದೆ, ಕತ್ತಲು ನೋಡಲು ಬರಬೇಕು.

ಹರಿಗೋಲು ನೀರಿಗಿಳಿಯುವ ಮೊದಲು ಅಂಬಿಗರು ಅದನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೋರಲು ಹಾಕಿ ಒಳಗೆ ಒಬ್ಬರನ್ನು ಕೂರಿಸುತ್ತಿದ್ದರು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತು. ಒಳಗಿನವರು ಕಂಡ ಜಾಗವನ್ನು ಬೆರಳಿನಿಂದ ತಟ್ಟಬೇಕು, ಹೊರಗಿನವರು ಅಲ್ಲಿಗೆ ಡಾಂಬರು ಮೆತ್ತಬೇಕು. ಕಟ್ಟಿದವರು ಮಾತ್ರ ಒಳಗೆ ಕೂರುವಂತಿರಲಿಲ್ಲ. ತಾನು ಕಟ್ಟಿದ್ದರಲ್ಲಿ ತೂತು ಯಾರ ಕಣ್ಣಿಗೂ ಕಾಣುವುದಿಲ್ಲ ಎಂಬುದು ಅವರ ನಂಬಿಕೆ.

ನೀಲಾಂಬಿಕಾ ಒಳಗೆ ಕಾಲು ಮಡಚಿ ಕುಳಿತಳು. ಅಂಚಿನ ಸುತ್ತ ದ್ಯಾಮಣ್ಣ ಮಣ್ಣು ಒತ್ತಿ, ಇನ್ನಷ್ಟು ಡಾಂಬರು ಕಾಯಿಸಲು ಹಿತ್ತಲಿಗೆ ಹೋದ. ಒಳಗೆ ಬಿದಿರಿನ ಹಸಿ ವಾಸನೆ, ಡಾಂಬರಿನ ಘಾಟು. ಕಣ್ಣು ಹೊಂದಿಕೊಂಡ ಮೇಲೆ ಎರಡು ಚುಕ್ಕೆ ಕಂಡವು, ಸಾಸಿವೆ ಕಾಳಿಗಿಂತ ಸಣ್ಣವು. ಉಳಿದದ್ದೆಲ್ಲ ಕಪ್ಪು.

"ಕಂಡ್ವೇನ್ರಿ?" ಹೊರಗಿನಿಂದ ತಂಗೆವ್ವನ ದನಿ ದಪ್ಪವಾಗಿ ಕೇಳಿತು.

"ತಂಗೆವ್ವ, ಒಂದು ಮಾತೈತಿ." ಮುಖ ಕಾಣದಿದ್ದದ್ದೇ ಅವಳಿಗೆ ಧೈರ್ಯ ಕೊಟ್ಟಿತು. "ಹ್ವಾದ ವರ್ಷ ಸಿಕ್ತು ಅಂದಿದ್ದೆನಲ್ಲ, ಅದು ಸಿಕ್ಕಿರಲಿಲ್ಲ. ನಮ್ಮ ಮುಚ್ಚಳ ಕೆಟ್ಟಿತ್ತು. ಅದರ ಅಲೆನ ನಾವು ಆಕಾಶದ್ದು ಅಂದ್ಕೊಂಡ್ವಿ. ನಿಮ್ಮ ಅವ್ವನ ಮಣ್ಣಿಗೂ ನೀವು ಹೋಗಲಿಲ್ಲ... ನಾ ನಿಮಗ ತಪ್ಪು ಹೇಳಿಬಿಟ್ಟೆ."

ಎಲ್ಲೋ ಒಂದು ಕೋಳಿ ಕೆದರುತ್ತಿತ್ತು. ತಂಗೆವ್ವ ಎದ್ದು ಹೋದಳೆಂದೇ ನೀಲಾಂಬಿಕಾ ತಿಳಿದಳು.

"ಗೊತ್ತಿದ್ದ ಹೇಳಿದ್ರೋ, ಗೊತ್ತಿಲ್ದ ಹೇಳಿದ್ರೋ?"

"ಗೊತ್ತಿರಲಿಲ್ಲ."

"ಗೊತ್ತಾಗಿ ಎಷ್ಟ ದಿನ ಆತು?"

"ಮೂರು ದಿನ."

"ಮೂರು ದಿನ ರೊಟ್ಟಿ ತಿಂದ್ರಿ, ಹೇಳಲಿಲ್ಲ." ತಂಗೆವ್ವ ಹರಿಗೋಲಿನ ಬೆನ್ನನ್ನು ಮುಷ್ಟಿಯಿಂದ ಗುದ್ದಿದಳು. "ಎಷ್ಟು ತೂತು ಕಂಡ್ವು, ಅದನ್ನಾರ ಹೇಳ್ರಿ!"

"ಎರಡು."

"ತಟ್ಟಿ ತೋರಸ್ರಿ ಮತ್ತ. ಕಂಡದ್ದ ಮುಚ್ಚಾಕ ಅಲ್ಲೇನ ಒಳಗ ಕುಂದ್ರಸೂದು? ಕಾಣಲಿಲ್ಲ ಅಂದ್ರ ಹೊಳಿಯಾಗ ಮುಳಗ್ತೀವಿ."

ನೀಲಾಂಬಿಕಾ ತಟ್ಟಿದಳು. ಬಿಸಿ ಡಾಂಬರು ಬಿದ್ದ ಸದ್ದು. ಮೊದಲು ಒಂದು ಚುಕ್ಕೆ ಆರಿತು, ಆಮೇಲೆ ಇನ್ನೊಂದು. ಈಗ ಒಳಗೆ ಕೈಯೂ ಕಾಣದಷ್ಟು ಕತ್ತಲು. ಬಂದ ಬೆಳಕನ್ನು ಪೂರ್ತಿ ನುಂಗಿದ ಕತ್ತಲು. ಅವಳು ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಒಳಗಿನಿಂದಲೇ ಕೇಳಿದಳು: "ಈ ಡಾಂಬರಿನಾಗ ಏನು ಕೂಡಸ್ತೀರಿ?"

"ಜಾಲಿ ಇದ್ದಲಿ ಪುಡಿ. ಬರೇ ಡಾಂಬರ ಬಿಸಲಿಗೆ ಇಳೀತೈತಿ. ಮೊದಲನೇ ಪದರಕ್ಕ ಒಂದು ಹಿಡಿ, ಎರಡನೇದಕ್ಕ ಎರಡು, ಹಂಗ ಏರಿಸ್ಕೋತ ಹೋಗೂದು. ಒಳಗಿಂದು ಬಿದಿರಿಗೆ ಹೊದಿಸಿದ ಬಟ್ಟಿಗೆ ಹೀರಬೇಕು, ಹೊರಗಿಂದು ಕಲ್ಲಿಗೆ ತಾಳಬೇಕು."

ಇದ್ದಿಲು ಸೂಕ್ಷ್ಮತರಂಗವನ್ನು ಹೀರುತ್ತದೆ. ಒಮ್ಮೆಗೇ ಗಟ್ಟಿ ಇದ್ದಿಲು ಎದುರಾದರೆ ತರಂಗ ಗೋಡೆಗೆ ಬಡಿದ ಚೆಂಡಿನಂತೆ ತಿರುಗಿ ಬರುತ್ತದೆ. ಸ್ವಲ್ಪ, ಇನ್ನು ಸ್ವಲ್ಪ ಎಂದು ಏರುತ್ತ ಹೋದರೆ ಗೋಡೆ ಎಲ್ಲಿ ಶುರುವಾಯಿತೆಂದೇ ಅದಕ್ಕೆ ತಿಳಿಯದು. ಒಳಗೊಳಗೇ ನಡೆದು ಆರಿಹೋಗುತ್ತದೆ. ಪ್ರಯೋಗಾಲಯಗಳು ಮಾಡಲು ಹೆಣಗುವುದು ಇದನ್ನೇ.

ಅವಳು ಮಣ್ಣು ಕೆದರಿ, ಅಂಚು ಎತ್ತಿ, ತಲೆ ಹೊರಗೆ ಹಾಕಿದಳು. "ನಿಮ್ಮ ಕಡೆ ಎಲ್ಲಾಕಿಂತ ಹೆಚ್ಚು ಪದರ ಇರೂ ಹರಿಗೋಲು ಯಾವುದೈತಿ?"

ತಂಗೆವ್ವ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೂಗು ಏರಿಸುತ್ತಲೇ ಬೇಲಿಯ ಕಡೆ ಕೈ ತೋರಿದಳು. ಅಲ್ಲಿ ಮೂರು ಕಲ್ಲುಗಳ ಮೇಲೆ ಬೋರಲಾಗಿ ದ್ಯಾಮಣ್ಣನ ತಂದೆಯ ಹರಿಗೋಲು ಕುಳಿತಿತ್ತು: ವರ್ಷಕ್ಕೊಂದು ಪದರದಂತೆ ಇಪ್ಪತ್ತೆರಡು ಪದರ, ಮೂರು ಬೆರಳು ದಪ್ಪ, ನಾಲ್ಕು ಜನ ಎತ್ತಲಾರದಷ್ಟು ಭಾರ. ಭಾರಕ್ಕೇ ಅದನ್ನು ನೀರಿನಿಂದ ನಿವೃತ್ತಿಗೊಳಿಸಿದ್ದರು. ಕೆಳಗೆ ಹನ್ನೊಂದು ಕೋಳಿಗಳು ಸಂಸಾರ ಹೂಡಿದ್ದವು.

ಎಳ್ಳಮಾವಾಸ್ಯೆಯ ದಿನ ಹೊಳೆಯ ದಂಡೆಯಲ್ಲಿ ಭೂತಾಯಿಗೆ ಅಡುಗೆಯ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯೆ ಉಂಡು ಊರು ಬೇವಿನ ಮರದಡಿ ಸೇರಿತು. ನೀಲಾಂಬಿಕಾ ನಿಂತು ಎಲ್ಲವನ್ನೂ ಹೇಳಿದಳು. ದಿಮ್ಮಿ, ಮುಚ್ಚಳ, ವಾಪಸ್ ಪಡೆದ ಪ್ರಬಂಧ.

"ಅಂದ್ರ ಇಷ್ಟ ವರ್ಸ ಬಾಯಿ ಮುಚಗೊಂಡು ಕುಂತು, ಕಡೀಕ ಮುಚ್ಚಳದ ಮಾತ ಕೇಳಿದ್ವಿ ಅನ್ರಿ!" ಎಂದ ಯಂಕಪ್ಪಜ್ಜ. ನಗು ಎದ್ದಿತು, ಅದರಲ್ಲಿ ಕಹಿಯೂ ಇತ್ತು.

"ನಗಬ್ಯಾಡ್ರಿ," ಎಂದು ಹಿಂದಿನಿಂದ ಒಬ್ಬ ಗದರಿದ. "ಫೋನಿಲ್ದ ಮೀನಿನ ವ್ಯಾಪಾರ ಹಾಳಾತು, ಮಾತುಕತಿ ಹಾಳಾತು. ಇನ್ನ ಸಾಕು."

"ಹೋಗಲಿ ಬಿಡೋ, ನಾಕು ತಿಂಗಳು ನಿನ್ನ ಫೋನಿನ ಹಾಡು ಕೇಳೂದಾರ ತಪ್ಪಿತ್ತು," ಎಂದಳು ಯಾವಳೋ.

ತಂಗೆವ್ವ ಎದ್ದು ನಿಂತಾಗ ಗದ್ದಲ ತಣ್ಣಗಾಯಿತು. ಅವಳು ಯಾವತ್ತೂ ಸಭೆಯಲ್ಲಿ ಮಾತಾಡಿದವಳಲ್ಲ.

"ಈಕಿ ಸುಮ್ಮನ ಇದ್ದಿದ್ರ ನಮಗ ಗೊತ್ತಾಕ್ಕಿದ್ದಿಲ್ಲ," ಎಂದಳು. "ತಾನ ತೂತು ತಟ್ಟಿ ತೋರ್ಸ್ಯಾಳ. ಈಗ ಹೊಸ ಮುಚ್ಚಳಕ್ಕ ನಮ್ಮ ಮಾವನ ಹರಿಗೋಲು ಬೇಕಂತ. ಒಯ್ಲಿ. ಶಿವರಾತ್ರಿ ತನಕ ನೋಡೂಣು. ಆದ್ರ ನಂದೊಂದು ಕರಾರ ಐತಿ. ಆ ಫೋನಿನ ಮುಂದ ಹಗಲೂ ರಾತ್ರಿ ಒಬ್ಬರು ಕುಂದರಬೇಕು. ಗಂಟಿ ಹೊಡದ್ರ ಎತ್ತಬೇಕು. ಸುದ್ದಿ ಇದ್ರ, ಏನ ಕೆಲಸ ಇರಲಿ, ಬಿಟ್ಟು ಬಂದು ಹೇಳಬೇಕು. ಬಟ್ಟಿ ಏರಿಸಿ ಕುಂದರೂದಲ್ಲ. ಬಂದು ಹೇಳಬೇಕು."

"ಬರ್ತೀನಿ," ಎಂದಳು ನೀಲಾಂಬಿಕಾ.

"ನನ್ನ ಕೋಳಿ ಎಲ್ಲಿ ಮಲಗಬೇಕು?"

"ಪರದೇಶದ ಮುಚ್ಚಳ ಖಾಲಿ ಬಿದ್ದೈತ್ರಿ," ಎಂದ ಫಾರೂಕ್. "ಭಾಳ ನಾಜೂಕ ಐತಿ, ಕೋಳಿಗೆ ಒಪ್ಪತೈತಿ."

ಈ ಸಲದ ನಗುವಿನಲ್ಲಿ ಕಹಿ ಕಡಿಮೆಯಿತ್ತು. ಕೈಗಳು ಎದ್ದವು. ಎಲ್ಲವೂ ಅಲ್ಲ, ಆದರೆ ಸಾಕಷ್ಟು.

ಹರಿಗೋಲನ್ನು ತೊಳೆಯಲು ಒಂದು ದಿನ ಹಿಡಿಯಿತು. ಇದೇ ಹಳೆಯ ಬೆಳಕನ್ನು ಮೊಟ್ಟಮೊದಲು ಕೇಳಿದವರೂ ತಮ್ಮ ಕೊಂಬಿನೊಳಗಿನ ಪಾರಿವಾಳದ ಹಿಕ್ಕೆ ಉಜ್ಜಿದ್ದರಂತೆ ಎಂದು ನೀಲಾಂಬಿಕಾ ಹೇಳಿದಾಗ, ಮೊಣಕೈ ತನಕ ಕೋಳಿ ಹಿಕ್ಕೆಯಾಗಿದ್ದ ಫಾರೂಕ್ "ಪರಂಪರೆ ಬಿಡಬಾರದ್ರಿ ಮೇಡಂ" ಎಂದ. ಆರು ಜನ ಅದನ್ನು ತೆಪ್ಪಕ್ಕೆ ಸಾಗಿಸಿ ರಾಟೆಗೆ ಕಟ್ಟಿದರು. ಮೊದಲ ವಾರದ ಗೆರೆ ಪರದೆಯ ಮೇಲೆ ಮೂಡಿದಾಗ ಅದು ಚಪ್ಪಟೆಯಾಗಿತ್ತು. ಏನೂ ಇಲ್ಲ. ಒಂದು ನಿರಿಗೆಯೂ ಇಲ್ಲ. ಏನೂ ಇಲ್ಲದ್ದನ್ನು ಕಂಡು ಇಷ್ಟು ಸಂತೋಷಪಟ್ಟದ್ದು ನೀಲಾಂಬಿಕೆಗೆ ನೆನಪಿರಲಿಲ್ಲ. ಮುಚ್ಚಳದ ಸುಳ್ಳು ಅಳಿಸಿಹೋಗಿತ್ತು. ಇನ್ನು ಉಳಿಯುವುದು ಏನಿದ್ದರೂ ಆಕಾಶದ್ದು, ಉಳಿಯುವುದಿದ್ದರೆ.

ತಿಂಗಳೊಂದು ಕಳೆಯಿತು. ಚಪ್ಪಟೆ ಗೆರೆಯಿಂದ ಏನೋ ತಲೆಯೆತ್ತತೊಡಗಿತು. ಹೋದ ವರ್ಷದ ಸುಳ್ಳು ಅಲೆಗೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ದ್ಯಾಮಣ್ಣನನ್ನು ಕರೆದು, "ದಿಮ್ಮಿ ಮತ್ತ ಒಂದು ಗೇಣು ಏರಸ್ರಿ," ಎಂದಳು.

"ಈ ಸಲ ಹೇಳಿ ಏರಸ್ತೀನ್ರಿ," ಎಂದು ಅವನು ನಕ್ಕ.

ಹೊಸ ಎತ್ತರದಲ್ಲಿ ಮತ್ತೆ ಮೂರು ವಾರ ಅಳೆದರು. ಶಿವರಾತ್ರಿಗೆ ನಾಲ್ಕು ದಿನವಿದ್ದಾಗ, ಬೆಳಗಿನ ಹತ್ತು ಗಂಟೆಗೆ, ಎರಡನೆಯ ಗೆರೆ ಅಚ್ಚಾಗಲು ಶುರುವಾಯಿತು. ಕಾಗದ ಯಂತ್ರದಿಂದ ಅಂಗುಲ ಅಂಗುಲವಾಗಿ ಹೊರಬರುತ್ತಿತ್ತು. ನೀಲಾಂಬಿಕೆಯ ಎಡಗೈಯಲ್ಲಿ ಮೊದಲ ತಿಂಗಳ ಹಾಳೆ.

ಫೋನು ರಿಂಗಣಿಸಿತು.

ಫಾರೂಕ್ ಎತ್ತಿ, ಕೇಳಿ, ಕೈಯಿಂದ ಫೋನಿನ ಬಾಯಿ ಮುಚ್ಚಿದ. "ಇಳಕಲ್ಲಿಂದ. ಕಸ್ತೂರಿ ಹಡದಾಳಂತ. ಹೆಣ್ಣು. ಇಬ್ಬರೂ ಅರಾಮ. ಮೇಡಂ, ಇನ್ನ ಎರಡ ನಿಮಿಷ, ಕಾಗದ ಪೂರಾ ಬರತೈತಿ..."

ಅವಳು ಅಷ್ಟರಲ್ಲೇ ಬಾಗಿಲು ದಾಟಿದ್ದಳು. ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಬಂದ ಬೆಳಕು ಇನ್ನೊಂದು ತಾಸು ಕಾಯಬಹುದು.

ದ್ಯಾಮಣ್ಣ ಬಲೆಗೆ ಹೋಗಿದ್ದ. ಸಣ್ಣ ಹರಿಗೋಲೊಂದು ದಡದಲ್ಲಿತ್ತು. ಎಂಟು ವರ್ಷದಲ್ಲಿ ಅವಳು ಒಮ್ಮೆಯೂ ಹುಟ್ಟು ಹಾಕಿರಲಿಲ್ಲ. ಹರಿಗೋಲು ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗಿತು. ಆಕಾಶ, ಗುಡ್ಡ, ಊರು, ಮತ್ತೆ ಆಕಾಶ. ಅರ್ಧ ದಾರಿಯಲ್ಲಿ ಸೀರೆ ಮೊಣಕಾಲ ತನಕ ತೊಯ್ದಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ತಂಗೆವ್ವ ಎದ್ದು ಹಣೆಗೆ ಕೈ ಹಿಡಿದು ನೋಡಿದಳು.

"ಅಯ್ಯ, ಯಾರ್ರಿ ಅದು, ಗಿರಗಿಟ್ಲಿ ಆಡಾಕತ್ತೀರಿ!"

"ಹೆಣ್ಣು!" ನೀಲಾಂಬಿಕಾ ನೀರಿನಿಂದಲೇ ಕೂಗಿದಳು. "ಇಬ್ಬರೂ ಅರಾಮ ಅದಾರ! ಈಗ, ಈಗ ಬಂತು ಸುದ್ದಿ!"

ತಂಗೆವ್ವನ ಕೈಯ ಬಟ್ಟೆ ಜಾರಿತು. ಅವಳು ಸೊಂಟದುದ್ದ ನೀರಿಗೆ ನಡೆದು ಬಂದು ಹರಿಗೋಲಿನ ಅಂಚು ಹಿಡಿದುಕೊಂಡಳು.

"ನಿಮ್ಮದೇನಾತು?" ಎಂದಳು. "ಇವತ್ತ ಗೊತ್ತಾಕ್ಕೈತಿ ಅಂತ ಫಾರೂಕ ಅಂದಿದ್ದ."

"ಇನ್ನೂ ನೋಡಿಲ್ಲ."

ತಂಗೆವ್ವ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಹರಿಗೋಲಿಗೆ ಹತ್ತಿ, "ಕೊಡ್ರಿ ಇಲ್ಲಿ ಆ ಹುಟ್ಟು. ನಿಮ್ಮ ಕೂಡ ಹ್ವಾದ್ರ ಮೊಮ್ಮಗಳ ಮದಿವಿಗೆ ಮುಟ್ಟತೀವಿ," ಎಂದಳು.

ಗುಡ್ಡದ ಕೋಣೆಯಲ್ಲಿ ಫಾರೂಕ್ ಕಾಗದವನ್ನು ಮುಟ್ಟದೆ ಯಂತ್ರದಲ್ಲೇ ಬಿಟ್ಟು ಕಾಯುತ್ತಿದ್ದ. ನೀಲಾಂಬಿಕಾ ಅದನ್ನು ಹರಿದು, ಎರಡು ಹಾಳೆಗಳನ್ನೂ ತಂಗೆವ್ವನ ಒದ್ದೆ ಕೈಗೆ ಕೊಟ್ಟಳು.

"ನನಗೇನ ತಿಳೀತೈತ್ರಿ ಇದರಾಗ?"

"ಎರಡು ಗೆರಿ ಅದಾವ: ಒಂದು, ಮುಚ್ಚಳ ಕೆಳಗಿದ್ದಾಗಿಂದು; ಇನ್ನೊಂದು, ಮ್ಯಾಲಿದ್ದಾಗಿಂದು. ಒಂದರ ಮ್ಯಾಲೊಂದಿಟ್ಟು ಬೆಳಕಿಗೆ ಹಿಡೀರಿ. ಅಲೆ ಮುಚ್ಚಳದ್ದಾದ್ರ ಎರಡೂ ಬ್ಯಾರೆ ಬ್ಯಾರೆ ಕಾಣತಾವು. ನಾ ನೋಡಂಗಿಲ್ಲ. ಕಟ್ಟಿದವರು ಒಳಗ ಕುಂದರಬಾರದಲ್ಲ."

ತಂಗೆವ್ವ ಬಾಗಿಲಿಗೆ ಹೋಗಿ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಬಿಸಿಲಿಗೆ ಎತ್ತಿ ಹಿಡಿದಳು. ಎಡದಿಂದ ಬಲಕ್ಕೆ, ಬಲೆಯ ಕಣ್ಣು ಎಣಿಸುವಷ್ಟು ನಿಧಾನವಾಗಿ ನೋಡಿದಳು. ಒಮ್ಮೆ ಹಿಂದಿರುಗಿ ಮತ್ತೆ ನೋಡಿದಳು. ನೀಲಾಂಬಿಕಾ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಅಕ್ಕಾರ," ಎಂದಳು ತಂಗೆವ್ವ, "ಎರಡು ಗೆರಿ ಅಂದ್ರಿ. ಇಲ್ಲಿ ಒಂದ ಐತಿ."